ಡ್ರಿಫ್ಟ್ ಕಲಿಯಲು ಈಕೋ, ಜಿಪ್ಸಿ, ಕಾಂಟೆಸ್ಸಾ, ಹಳೇ ಬಿಎಂಡಬ್ಲ್ಯು: ಯಾವ ನೆಲಕ್ಕೆ ಯಾವ ಗಾಡಿ?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಡ್ರಿಫ್ಟ್ (ಹಿಂದಿನ ಗಾಲಿಯನ್ನು ಬೇಕೆಂದೇ ಜಾರಿಸಿ ಗಾಡಿಯನ್ನು ಅಡ್ಡಡ್ಡ ಓಡಿಸುವುದು) ಕಲಿಯಬೇಕೆನ್ನುವವರು ಮೊದಲು ಕೇಳುವುದು ಗಾಡಿಯ ಬಗ್ಗೆ. ಎಷ್ಟು ಹಾರ್ಸ್‌ಪವರ್ ಬೇಕು? ಬಿಎಂಡಬ್ಲ್ಯು ಇಲ್ಲದೆ ಆಗುತ್ತದೆಯೇ? ಈಕೋದಂಥ ವ್ಯಾನಿನಲ್ಲಿ ಕಲಿಯಬಹುದೇ? ಹಿಂದಿನ ಗಾಲಿಗೆ ಎಂಜಿನ್ ಬಲ ಹೋಗುವ (ರಿಯರ್ ವೀಲ್ ಡ್ರೈವ್) ನಾಲ್ಕು ಗಾಡಿಗಳನ್ನು ಬೇರೆ ಬೇರೆ ನೆಲದ ಮೇಲೆ ಓಡಿಸಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ನೆಲ ಮೊದಲು, ಗಾಡಿ ಆಮೇಲೆ. ತೊಯ್ದ ಗರಸಿನ (ಸಣ್ಣ ಕಲ್ಲು ಬೆರೆತ ಮಣ್ಣಿನ) ಮೇಲೆ 73 ಪಿಎಸ್‌ನ (ಪಿಎಸ್ ಎಂದರೆ ಹೆಚ್ಚುಕಡಿಮೆ ಹಾರ್ಸ್‌ಪವರೇ) ಹಳೇ ಈಕೋ ಕಲಿಸುವಷ್ಟನ್ನು ಒಣ ಡಾಂಬರಿನ ಮೇಲೆ 177 ಪಿಎಸ್‌ನ ಬಿಎಂಡಬ್ಲ್ಯು 320ಡಿ ಕಲಿಸುವುದಿಲ್ಲ. ಗರಸಿನ ಮೇಲೆ ಗಂಟೆಗೆ 20 ಕಿ.ಮೀ. ವೇಗದಲ್ಲೇ ಹಿಂದಿನ ಗಾಲಿ ಗ್ರಿಪ್ ಬಿಡುತ್ತದೆ. ಬಿಡುವುದೂ ನಿಧಾನ, ಮತ್ತೆ ಹಿಡಿಯುವುದೂ ನಿಧಾನ. ಡಾಂಬರಿನ ಮೇಲೆ ಅದೇ ಆಟಕ್ಕೆ 40–50 ಬೇಕು, ಕೈ ತಡವಾದರೆ ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಜಾಗದ ಮಾತಿಗೆ ಮುಂಚೆ ಒಂದು ಷರತ್ತು. ಸಾರ್ವಜನಿಕ ರಸ್ತೆ, ಬೈಪಾಸ್, ಮನೆ ಏಳದ ಬಡಾವಣೆಯ ಖಾಲಿ ರಸ್ತೆ, ಯಾವುದೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ, 189ನೇ ಕಲಂ ಅನುಮತಿ ಇಲ್ಲದ ರೇಸಿಗೆ ಶಿಕ್ಷೆ ವಿಧಿಸುತ್ತವೆ. ಸಾಮಾನ್ಯ ವಾಹನ ವಿಮೆಯಲ್ಲಿ ರೇಸು, ವೇಗದ ಪರೀಕ್ಷೆಗಳಿಗೆ ರಕ್ಷಣೆಯೇ ಇಲ್ಲ. ಮಾಲೀಕರ ಒಪ್ಪಿಗೆಯಿರುವ, ದನ-ಕರು, ಮಕ್ಕಳು ಒಳಗೆ ಬಾರದಂತೆ ಬೇಲಿಯಿರುವ ಖಾಸಗಿ ಜಾಗವೇ ಆಗಬೇಕು. ಅಭ್ಯಾಸಕ್ಕೆ ಗಾಡಿ ಸುತ್ತುವ ವೃತ್ತದ ಹೊರಗೆ ಎಲ್ಲ ದಿಕ್ಕಿಗೂ ಕನಿಷ್ಠ 30 ಮೀಟರ್ ಬಯಲಿರಲಿ. ಬದು, ಕಂಬ, ಬಾವಿ, ಕಾಲುವೆ ಆ ಅಳತೆಯೊಳಗೆ ಬರಕೂಡದು.

ನೆಲ

ಬೆಳಗಾವಿಯಿಂದ ಖಾನಾಪುರದ ಕಡೆ ಹೋದಂತೆ ಸಿಗುವ ಕೆಂಪು ಗರಸು ನೆಲಕ್ಕೆ ನಮ್ಮ ಮೊದಲ ಅಂಕ. ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ, ಮೇಲೆ ಒಂದೆರಡು ಇಂಚು ಸಡಿಲ ಗರಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೇಲಿನ ಪದರ ಮಾತ್ರ ಜಾರುತ್ತದೆ, ಗಾಲಿ ಹೂತುಕೊಳ್ಳುವುದಿಲ್ಲ. ಗ್ರಿಪ್ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ, ಹಾಗಾಗಿ ಗಾಡಿ ಸುತ್ತಿದರೆ ತಪ್ಪು ಕೈಯದೋ ಕಾಲಿನದೋ ಎಂದು ತಕ್ಷಣ ತಿಳಿಯುತ್ತದೆ. ಒಂದೇ ತೊಂದರೆ ಎಂದರೆ ಜಾಡು. ಒಂದೇ ವೃತ್ತದಲ್ಲಿ ಸುತ್ತುತ್ತಿದ್ದರೆ ಗಾಲಿ ಹೋದ ದಾರಿ ಬೇಗ ಚರಂಡಿಯಾಗುತ್ತದೆ. ಜಾಡು ನಾಲ್ಕು ಬೆರಳು ಆಳವಾದ ಕೂಡಲೇ ವೃತ್ತದ ನಡುವೆ ಗುರುತಿಗಿಟ್ಟ ಕೋನ್ ಎತ್ತಿ ಬೇರೆ ಕಡೆ ಇಡಬೇಕು. ಅಡ್ಡ ಜಾರುವ ಗಾಡಿಯ ಹೊರಗಾಲಿ ಆ ಜಾಡಿಗೆ ಸಿಕ್ಕಿಕೊಂಡರೆ ಗಾಡಿ ಪಲ್ಟಿ ಹೊಡೆಯುತ್ತದೆ.

ವಿಜಯಪುರದ ಎರೆಹೊಲ ಯಾವ ಕಾಲಕ್ಕೂ ಬೇಡ. ಬೇಸಿಗೆಯಲ್ಲಿ ಬಿರುಕು, ಕಲ್ಲಿನಂಥ ಹೆಂಟೆ. ಅಡ್ಡ ಹೋಗುವ ಗಾಲಿಯನ್ನು ಪ್ರತಿ ಹೆಂಟೆಯೂ ತಡೆದು ನಿಲ್ಲಿಸುತ್ತದೆ. ಮಳೆ ಬಿದ್ದ ಮೇಲೆ ಮಣ್ಣು ಟೈರಿನ ಹಲ್ಲು ಮುಚ್ಚಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು, ಸ್ಟೇರಿಂಗ್ ತಿರುಗಿಸುವುದೇ ಕಷ್ಟ. ಡ್ರಿಫ್ಟ್ ಎಂದರೆ ಹಿಂದಿನ ಗಾಲಿ ಜಾರಬೇಕು, ಮುಂದಿನ ಗಾಲಿ ಹಿಡಿದಿರಬೇಕು. ಎರೆ ರಾಡಿಯಲ್ಲಿ ನಾಲ್ಕೂ ಜಾರುತ್ತವೆ, ಕೌಂಟರ್ ಸ್ಟೇರಿಂಗ್‌ಗೆ (ಹಿಂದಿನ ಗಾಲಿ ಜಾರುವ ಕಡೆಗೇ ಸ್ಟೇರಿಂಗ್ ತಿರುಗಿಸುವುದಕ್ಕೆ) ಗಾಡಿ ಉತ್ತರವನ್ನೇ ಕೊಡುವುದಿಲ್ಲ.

ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರು ಇಳಿದಾಗ ಬಯಲಾಗುವ ಹೂಳಿನ ನೆಲ ನೋಡಲು ಮೈದಾನದ ಹಾಗಿರುತ್ತದೆ. ಅದು ಸ್ವಂತ ಜಾಗವಲ್ಲ ಎನ್ನುವುದು ಒಂದು ಮಾತು. ಮೇಲಿನ ಹೆಪ್ಪು ಒಣಗಿ ಗಟ್ಟಿಯಾಗಿದ್ದರೂ ಕೆಳಗೆ ಮೆತ್ತಗಿರುತ್ತದೆ ಎನ್ನುವುದು ಇನ್ನೊಂದು. ಗಾಲಿ ಸುತ್ತಿದ ಕೂಡಲೇ ಹೆಪ್ಪು ಒಡೆದು ಆ್ಯಕ್ಸಲ್‌ವರೆಗೆ ಹೂತುಹೋಗುತ್ತದೆ.

ಒಣ ಸೀಮೆಯವರಿಗೆ ಉಳಿಯುವುದು ನೀರು ಹೊಡೆದ ಕಾಂಕ್ರೀಟ್ ಅಂಗಳ. ಜಿನ್ನಿಂಗ್ ಮಿಲ್ಲು, ಗೋದಾಮುಗಳ ನುಣುಪು ಅಂಗಳ ಇದಕ್ಕೆ ಒಗ್ಗುತ್ತದೆ. 5,000 ಲೀಟರಿನ ಒಂದು ಟ್ಯಾಂಕರ್ ನೀರು 20 ಮೀಟರ್ ಅಗಲದ ವೃತ್ತಕ್ಕೆ ಧಾರಾಳ, ಆದರೆ ಒಮ್ಮೆಗೇ ಸುರಿಯದೆ ಮೂರ್ನಾಲ್ಕು ಕಂತಿನಲ್ಲಿ ಹೊಡೆಯಬೇಕು. ಇಲ್ಲಿನ ಅಪಾಯ ಒಣಗಿದ ತೇಪೆ. ಜಾರುತ್ತಿದ್ದ ಹಿಂದಿನ ಟೈರ್ ಒಣ ತೇಪೆಯ ಮೇಲೆ ಬಂದ ಕ್ಷಣ ಪೂರ್ತಿ ಗ್ರಿಪ್ ಹಿಡಿದು, ಕೌಂಟರ್ ಕೊಟ್ಟಿದ್ದ ಗಾಡಿಯನ್ನು ಎದುರು ಮಗ್ಗುಲಿಗೆ ಎಸೆಯುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ನೀರು ನೋಡನೋಡುತ್ತಲೇ ಆರುತ್ತದೆ. ಬೆಳಗಿನ 8ರೊಳಗೆ ಮುಗಿಸಬೇಕು.

ಈಕೋ

2022ರವರೆಗೆ ಬಂದ ಮಾದರಿ: 1,196 ಸಿಸಿ, 2,350 ಮಿ.ಮೀ. ವೀಲ್‌ಬೇಸ್ (ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ), ಒಂಬೈನೂರು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಕ. ಜಪಾನಿನಲ್ಲಿ ಡ್ರಿಫ್ಟ್‌ಗೆ ಹೆಸರಾದ ಟೊಯೊಟಾ ಎಇ86ರ ವೀಲ್‌ಬೇಸ್ 2,400 ಮಿ.ಮೀ., ತೂಕವೂ ಇದರ ಆಸುಪಾಸು. ಕಾಗದದ ಮೇಲಿನ ಹೋಲಿಕೆ ಅಲ್ಲಿಗೇ ಮುಗಿಯಿತು. ಈಕೋ 1.8 ಮೀಟರ್ ಎತ್ತರ, 1.5 ಮೀಟರಿಗೂ ಕಡಿಮೆ ಅಗಲ. ಹಾಗಾಗಿ ಈಕೋ ಗರಸಿಗೆ ಮತ್ತು ಒದ್ದೆ ಕಾಂಕ್ರೀಟಿಗೆ ಮಾತ್ರ. ಒಣ ಡಾಂಬರಿನ ಮೇಲಾಗಲಿ, ಗಂಟೆಗೆ 30 ಕಿ.ಮೀ. ದಾಟಿಯಾಗಲಿ ಇದನ್ನು ಎಂದೂ ಅಡ್ಡ ಹಾಕಬೇಡಿ. ಸೀಟು ತುಂಬಾ ಜನ, ಹಿಂದೆ ಸಾಮಾನು ಇಟ್ಟುಕೊಂಡಂತೂ ಬೇಡವೇ ಬೇಡ.

ಇದರ ಗುಣ ಅರ್ಥವಾಗಬೇಕಾದರೆ ಡ್ರೈವರ್ ಕೂರುವ ಜಾಗ ನೋಡಬೇಕು. ಎಂಜಿನ್ ಸೀಟಿನ ಕೆಳಗೆ, ಡ್ರೈವರ್ ಮುಂದಿನ ಗಾಲಿಗಳಿಗೆ ತೀರ ಹತ್ತಿರ. ಬಾಲ (ಗಾಡಿಯ ಹಿಂಭಾಗ) ಹೊರಗೆ ಹೋಗುವುದು ಸೊಂಟಕ್ಕೆ ತಡವಾಗಿ ಗೊತ್ತಾಗುತ್ತದೆ, ಗೊತ್ತಾಗುವಷ್ಟರಲ್ಲಿ ಗಾಡಿ ಕಾಲು ಸುತ್ತು ತಿರುಗಿರುತ್ತದೆ. ಭಾರ ನಡುವೆ ಇರುವುದರಿಂದ ತಿರುಗುವುದೂ ಚುರುಕು. ಈಕೋದಲ್ಲಿ ಕಲಿಯುವವರು ಕಣ್ಣನ್ನೇ ನಂಬಬೇಕು: ವೃತ್ತದ ನಡುವಿನ ಕೋನನ್ನು ಪಕ್ಕದ ಕಿಟಕಿಯಲ್ಲಿ ಹಿಡಿದಿಟ್ಟುಕೊಂಡರೆ ಬಾಲ ಎಷ್ಟು ಹೊರಗಿದೆ ಎಂಬ ಲೆಕ್ಕ ಸಿಗುತ್ತದೆ.

ಮೊದಲ ಪಾಠ ಕ್ಲಚ್ ಇರುವ ಎಲ್ಲ ಗಾಡಿಗೂ ಇದೇ, ಈಕೋ ಸಂಖ್ಯೆ ಇಟ್ಟುಕೊಂಡು ಹೇಳುತ್ತೇವೆ. ಒಂದು ಕೋನ್, ಸುತ್ತ 8 ಮೀಟರ್ ತ್ರಿಜ್ಯದ ವೃತ್ತ. ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಎರಡು ಸುತ್ತು ಹಾಕಿ. ಸ್ಟೇರಿಂಗ್ ಒಳಗೆ ತಿರುಗಿಸಿಟ್ಟು, ಕ್ಲಚ್ ಒತ್ತಿ, ಎಕ್ಸಲರೇಟರ್ ಒತ್ತಿ ಎಂಜಿನ್ ರೇಸ್ 4,000 ಆರ್‌ಪಿಎಂಗೆ ಏರಿಸಿ, ಕ್ಲಚ್ ಒಮ್ಮೆಲೇ ಬಿಡಿ. ಇದೇ ಕ್ಲಚ್ ಕಿಕ್. ಬಾಲ ಹೊರಟ ಕೂಡಲೇ ಸ್ಟೇರಿಂಗ್ ಹಿಡಿತ ಸಡಿಲಿಸಿ, ಚಕ್ರ ಬೆರಳುಗಳ ನಡುವೆ ತಾನೇ ಜಾರಿಹೋಗಲಿ. ಮುಂದಿನ ಗಾಲಿಯ ಕ್ಯಾಸ್ಟರ್ ಕೋನವೇ (ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅದನ್ನು ಗಾಡಿ ಹೋಗುವ ದಿಕ್ಕಿಗೆ ತಿರುಗಿಸುತ್ತದೆ. ನಿಮ್ಮ ಕೆಲಸ ಅದನ್ನು ಸರಿಯಾದ ಜಾಗದಲ್ಲಿ ಹಿಡಿಯುವುದು. ಆಮೇಲೆ ಎಕ್ಸಲರೇಟರ್ ಪೂರ್ತಿ ಬಿಡದೆ, ಪೂರ್ತಿ ಒತ್ತದೆ, ಅರ್ಧದ ಆಚೀಚೆ ಆಡಿಸುತ್ತಾ ಇರಬೇಕು. ಕೆಡುವುದು ಎರಡು ರೀತಿ. ಕೈ ತಡವಾದರೆ ಗಾಡಿ ಒಳಮುಖವಾಗಿ ಗಿರಕಿ ಹೊಡೆಯುತ್ತದೆ. ಹೆದರಿ ಎಕ್ಸಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಭಾರ ಮುಂದಕ್ಕೆ ಬಂದು, ಜಾರುವಿಕೆ ನಿಂತಾಗ ಹಿಂದಿನ ಗಾಲಿ ಹಿಡಿದು, ಕೌಂಟರ್‌ನಲ್ಲೇ ಉಳಿದ ಮುಂದಿನ ಗಾಲಿ ಗಾಡಿಯನ್ನು ಎದುರು ಕಡೆ ಒಯ್ಯುತ್ತದೆ. ಗಿರಕಿ ತಪ್ಪದು ಅನ್ನಿಸಿದರೆ ಕ್ಲಚ್, ಬ್ರೇಕ್ ಎರಡನ್ನೂ ಪೂರ್ತಿ ಒತ್ತಿ ಗಾಡಿ ನಿಲ್ಲಿಸಿ.

ಹ್ಯಾಂಡ್‌ಬ್ರೇಕಿನಿಂದ ಶುರು ಮಾಡುವುದು ಇನ್ನೂ ಸುಲಭ. ಹಿಂದೆ ಡ್ರಮ್ ಇರುವುದರಿಂದ ಕೇಬಲ್ ಬಿಗಿ ಮಾಡಿಸಿದರೆ ಮೂರ್ನಾಲ್ಕು ಕ್ಲಿಕ್ಕಿಗೆ ಗಾಲಿ ಲಾಕ್ ಆಗುತ್ತದೆ. ಲಿವರಿನ ಬಟನ್ ಒತ್ತಿಕೊಂಡೇ ಎಳೆಯಬೇಕು, ಎಳೆಯುವ ಹೊತ್ತಿಗೆ ಕ್ಲಚ್ ಒತ್ತಿರಬೇಕು. ಇಲ್ಲದಿದ್ದರೆ ಎಂಜಿನ್ ಬಂದ್. ಆದರೆ ಹ್ಯಾಂಡ್‌ಬ್ರೇಕ್ ಬಾಲವನ್ನು ಹೊರಗೆ ಹಾಕುತ್ತದೆಯೇ ಹೊರತು ಅಲ್ಲಿ ಉಳಿಸುವುದಿಲ್ಲ. ಅದನ್ನೇ ನೆಚ್ಚಿಕೊಂಡವರಿಗೆ ಎಕ್ಸಲರೇಟರಿನ ಪಾಠ ಹಿಂದೆ ಬೀಳುತ್ತದೆ.

ಜಿಪ್ಸಿ

ಗರಸಿನ ಮೇಲೆ ನಮ್ಮ ಆಯ್ಕೆ ಇದೇ. 1,298 ಸಿಸಿಯ, ಪೆಟ್ರೋಲ್ ಇಂಜೆಕ್ಷನ್ (ಎಂಪಿಎಫ್‌ಐ) ಇರುವ ಜಿಪ್ಸಿ ಕಿಂಗ್‌ಗೆ 80 ಹಾರ್ಸ್‌ಪವರ್, ತೂಕ ಒಂದು ಟನ್ನಿನ ಒಳಗೆ. ಇದು ಫೋರ್ ವೀಲ್ ಡ್ರೈವ್ ಗಾಡಿಯಾದರೂ ಟ್ರಾನ್ಸ್‌ಫರ್ ಲಿವರ್ 2ಎಚ್‌ನಲ್ಲಿಟ್ಟರೆ ಬಲವೆಲ್ಲ ಹಿಂದಿನ ಗಾಲಿಗೆ. ತೊಯ್ದ ಗರಸಿನಲ್ಲಿ ಸೆಕೆಂಡ್ ಗೇರಿನಲ್ಲೂ ಗಾಲಿ ಸುತ್ತುತ್ತದೆ, ಕ್ಲಚ್ ಕಿಕ್ ಇಲ್ಲದೆ ಬರೀ ರೇಸಿನಿಂದಲೇ ಬಾಲ ಹೊರಡುತ್ತದೆ. ಈಕೋದಲ್ಲಿ ಪದೇ ಪದೇ ಕಿಕ್ ಕೊಟ್ಟು ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವ ಹೊತ್ತಿಗೆ ಜಿಪ್ಸಿ ಇನ್ನೂ ಆರಾಮಾಗಿರುತ್ತದೆ. ಡ್ರೈವರ್ ಹಿಂದಿನ ಆ್ಯಕ್ಸಲ್‌ಗೆ ಹತ್ತಿರ ಕೂರುವುದರಿಂದ ಜಾರುವುದು ಸೀಟಿನಲ್ಲೇ ತಿಳಿಯುತ್ತದೆ.

ಕೊರತೆ ಸ್ಟೇರಿಂಗಿನದು. ಬಾಕ್ಸ್ ಸ್ಟೇರಿಂಗ್, ನಡುವೆ ಸಡಿಲ, ಕೌಂಟರ್ ಕೊಡಲು ಕೈ ಹೆಚ್ಚು ಸುತ್ತಬೇಕು. ಬಾಕ್ಸಿನ ಸಡಿಲ (ಪ್ಲೇ) ಸರಿಮಾಡಿಸಿ, ಸವೆದ ಟೈ ರಾಡ್ ಎಂಡ್ (ಸ್ಟೇರಿಂಗನ್ನು ಗಾಲಿಗೆ ಕೂಡಿಸುವ ಕೀಲು) ಬದಲಿಸದೆ ಶುರು ಮಾಡಬೇಡಿ. ಇನ್ನೊಂದು, ಪಾಟಾ ಸ್ಪ್ರಿಂಗಿನ ಹಿಂದಿನ ಆ್ಯಕ್ಸಲ್ ಗ್ರಿಪ್ ಸಿಕ್ಕಾಗ ದಡದಡ ಕುಣಿಯುತ್ತದೆ. ಕುಣಿತ ಕೇಳಿದ ಕೂಡಲೇ ರೇಸ್ ಇಳಿಸಿ. ಹಾಗೇ ಒತ್ತಿದರೆ ಹಿಂದಿನ ಆ್ಯಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಮೊದಲು ಹೋಗುತ್ತದೆ. ಬಟ್ಟೆ ಹುಡ್‌ನ ಜಿಪ್ಸಿಗೆ ರೋಲ್ ಕೇಜ್ (ಪಲ್ಟಿಯಾದಾಗ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ) ಕಡ್ಡಾಯ, ಅದರಲ್ಲಿ ಚೌಕಾಸಿಯಿಲ್ಲ. ಗಾಡಿ ಯಾವುದಾದರೂ ಹೆಲ್ಮೆಟ್, ಸೀಟ್ ಬೆಲ್ಟ್ ಬೇಕೇ ಬೇಕು.

ಕಾಂಟೆಸ್ಸಾ

ಹಿಂದೂಸ್ತಾನ್ ಮೋಟಾರ್ಸ್‌ನ ಹಳೇ ಕಾರು. 1.8 ಲೀಟರಿನ ಇಸುಜು ಎಂಜಿನ್, ಉದ್ದ ವೀಲ್‌ಬೇಸ್, ತಗ್ಗಿನ ಕೂರಿಕೆ. ನಾಲ್ಕರಲ್ಲಿ ಬಾಲ ಅತಿ ನಿಧಾನಕ್ಕೆ, ಹೇಳಿ ಕೇಳಿ ಹೊರಡುವುದು ಇದರದೇ. ಒದ್ದೆ ಕಾಂಕ್ರೀಟಿನ ಮೇಲೆ ಎರಡು ಕೋನ್ ಇಟ್ಟು ಎಂಟರ ಆಕಾರ ಸುತ್ತಲು ಇದಕ್ಕಿಂತ ಹಿತವಾದ ಗಾಡಿ ಸಿಗಲಿಲ್ಲ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಭಾರ ಸಾಗುವುದು ಕಣ್ಣಿಗೆ ಕಾಣುತ್ತದೆ. ಆದರೆ ತಯಾರಿಕೆ ನಿಂತದ್ದು 2002ರಲ್ಲಿ. ಬಾಡಿಯ ಬಿಡಿಭಾಗಕ್ಕೆ ಗುಜರಿಯೇ ಗತಿ, ಒಳ್ಳೆಯ ಸ್ಥಿತಿಯ ಗಾಡಿಗಳು ಈಗ ಸಂಗ್ರಹಕಾರರ ಪಾಲು. ಇರುವ ಗಾಡಿ ಹಾಳು ಮಾಡಿ ಕಲಿಯುವಂಥದ್ದೇನೂ ಇಲ್ಲ. ಅಂಬಾಸಡರ್ ಇದಕ್ಕೆ ಬದಲಿಯಾಗದು. ಪಾಟಾ ಮೇಲೆ ವಾಲುವುದು ಜಾಸ್ತಿ.

ಹಳೇ ಬಿಎಂಡಬ್ಲ್ಯು 320ಡಿ

ಇ90 ಮಾದರಿಯದು. 350 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಒದ್ದೆ ಕಾಂಕ್ರೀಟಿನಲ್ಲಿ ಬಾಲ ಹೊರಡಿಸಲು ಏನೂ ಕಷ್ಟಪಡಬೇಕಿಲ್ಲ. ಕಲಿಯುವವರಿಗೆ ತೊಡಕು ಅದೇ. ಟರ್ಬೊ ಒತ್ತಡ ಸ್ವಲ್ಪ ತಡವಾಗಿ, ಬಂದರೆ ಒಟ್ಟಿಗೆ ಬರುತ್ತದೆ. ಕಾಲು ಕೇಳಿದ್ದಕ್ಕೂ ಗಾಲಿ ಕೊಟ್ಟಿದ್ದಕ್ಕೂ ನಡುವಿನ ಆ ಅಂತರದಲ್ಲಿ ಹೊಸಬರು ಇನ್ನಷ್ಟು ಒತ್ತುತ್ತಾರೆ, ಗಾಡಿ ಗಿರಕಿ ಹೊಡೆಯುತ್ತದೆ. ನಮ್ಮಲ್ಲಿ ಸಿಗುವವು ಬಹುತೇಕ ಆಟೊಮ್ಯಾಟಿಕ್, ಕ್ಲಚ್ ಕಿಕ್‌ಗೆ ಅವಕಾಶವೇ ಇಲ್ಲ. ಮ್ಯಾನ್ಯುವಲ್ ಮೋಡಿನಲ್ಲಿ ಸೆಕೆಂಡ್ ಗೇರಿಗೆ ಹಾಕಿಟ್ಟುಕೊಳ್ಳಬೇಕು.

ಡಿಎಸ್‌ಸಿ (ಗಾಡಿ ಜಾರದಂತೆ ತಡೆಯುವ ಕಂಪ್ಯೂಟರ್ ವ್ಯವಸ್ಥೆ) ಬಟನ್ ಒಮ್ಮೆ ಒತ್ತಿದರೆ ಪೂರ್ತಿ ಬಂದ್ ಆಗುವುದಿಲ್ಲ, ಹೆಚ್ಚು ಜಾರಿದಾಗ ಅದೇ ಬ್ರೇಕ್ ಹಾಕಿ ನಿಲ್ಲಿಸುತ್ತದೆ. ಮೂರು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿಯಬೇಕು. ಕಲಿಕೆಯ ಮೊದಲ ಹಂತದಲ್ಲಿ ಅರ್ಧ ಬಂದ್ ಸ್ಥಿತಿ ಒಳ್ಳೆಯದು ಎನ್ನುವವರಿದ್ದಾರೆ. ನಮಗೆ ಒಪ್ಪಿಗೆಯಿಲ್ಲ. ತಪ್ಪನ್ನು ಕಂಪ್ಯೂಟರ್ ಮುಚ್ಚಿಹಾಕಿದರೆ ಕೈಗೆ ಏನೂ ತಿಳಿಯುವುದಿಲ್ಲ. ಖರ್ಚಿನ ಮಾತು: 17 ಇಂಚಿನ ಎರಡು ಟೈರಿನ ದುಡ್ಡಿಗೆ ಈಕೋದ 13 ಇಂಚಿನ ನಾಲ್ಕೂ ಟೈರ್ ಬರುತ್ತವೆ. ಈ ಗಾಡಿಯ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆಗಿದೆ, ಅದು ಸದ್ದು ಮಾಡತೊಡಗಿದರೆ ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ಕೆಲಸವಾಗದು. ಜಿಪ್ಸಿಯಲ್ಲಿ ಎಂಟರ ಆಕಾರ ತಪ್ಪದೆ ಸುತ್ತುವವರು ಡಾಂಬರಿಗೆ ದಾಟುವಾಗ ಇದು ಸರಿಯಾದ ಗಾಡಿ, ಅದೂ ಟ್ರ್ಯಾಕಿನಲ್ಲಿ.

ಗಾಳಿ ಮತ್ತು ಕ್ರೌನ್

ಈಕೋ, ಜಿಪ್ಸಿಗಳಿಗೆ ಹಿಂದಿನ ಟೈರಿನಲ್ಲಿ ಮುಂದಿನದಕ್ಕಿಂತ 6ರಿಂದ 8 ಪಿಎಸ್‌ಐ ಹೆಚ್ಚು ಗಾಳಿ ಇಟ್ಟರೆ ಬಾಲ ಬೇಗ ಬಿಡುತ್ತದೆ. ಟೈರಿನ ಮಗ್ಗುಲಿನಲ್ಲಿ ಬರೆದ ಗರಿಷ್ಠ ಮಿತಿ ದಾಟಬಾರದು. ಮುಂದಿನದನ್ನು ತೀರ ಕೆಳಗೆ ಇಳಿಸಿದರೆ ಅಡ್ಡ ಹೊರೆಗೆ ಟೈರ್ ರಿಮ್ ಬಿಟ್ಟು ಏಳಬಹುದು.

ನಾಲ್ಕೂ ಗಾಡಿಗಳಲ್ಲಿ ಕಂಪನಿಯಿಂದ ಬರುವುದು ಓಪನ್ ಡಿಫರೆನ್ಶಿಯಲ್, ಅಂದರೆ ಹಿಂದಿನ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ; ಮೆಕ್ಯಾನಿಕ್‌ಗಳ ಬಾಯಲ್ಲಿ ಕ್ರೌನ್. ಗಾಡಿ ವಾಲಿ ಒಳಗಾಲಿ ಹಗುರಾದ ಕೂಡಲೇ ಬಲವೆಲ್ಲ ಅದಕ್ಕೇ ಹೋಗಿ, ಹೊರಗಾಲಿ ಹಿಡಿದುಕೊಂಡು, ಡ್ರಿಫ್ಟ್ ಅರ್ಧಕ್ಕೇ ಸಾಯುತ್ತದೆ. ಗರಸಿನಲ್ಲಿ ಎರಡೂ ಗಾಲಿಗೆ ಗ್ರಿಪ್ ಕಡಿಮೆಯಾದ್ದರಿಂದ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ನೆಲ ಮೊದಲು ಎಂದು ನಾವು ಹೇಳಲು ಇದೂ ಒಂದು ಕಾರಣ. ಕಾಂಕ್ರೀಟಿನ ಮೇಲೆ ಇದು ದೊಡ್ಡ ತೊಡಕು. ಎಲ್‌ಎಸ್‌ಡಿ (ಒಂದೇ ಗಾಲಿ ಸುತ್ತದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್) ಸಿಕ್ಕರೆ ಅದೇ ಉತ್ತಮ. ಅಗ್ಗದ ದಾರಿ, ಕ್ರೌನ್ ಇಳಿಸಿ ಒಳಗಿನ ಸ್ಪೈಡರ್ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಸುವುದು. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ, ಆದರೆ ಮಾಡಿಸುವವರಿಗೆ ಏನು ಕೇಳಬೇಕು ಗೊತ್ತಿರಬೇಕು. ಗೇರುಗಳ ಮೈ ಗಟ್ಟಿ ಮಾಡಿದ ಉಕ್ಕು. ಎಣ್ಣೆ ಪೂರ್ತಿ ತೊಳೆದು, ಮುಂಚೆ ಕಾಯಿಸಿ, 7018 ನಂಬರಿನ ವೆಲ್ಡಿಂಗ್ ರಾಡಿನಲ್ಲಿ ವೆಲ್ಡ್ ಮಾಡಿ, ನೀರು ತಾಗಿಸದೆ ನಿಧಾನಕ್ಕೆ ಆರಲು ಬಿಡಬೇಕು. ಅವಸರಕ್ಕೆ ಎರಡು ಟ್ಯಾಕ್ (ಚುಕ್ಕೆಯಂಥ ಸಣ್ಣ ವೆಲ್ಡ್) ಮಾತ್ರ ಹಾಕಿದರೆ ಮೊದಲ ಕ್ಲಚ್ ಕಿಕ್ಕಿಗೇ ಬಿರುಕು ಬಿಡುತ್ತದೆ. ವೆಲ್ಡಿಂಗ್ ಕಿಡಿಗಳಿಂದ ಬೇರಿಂಗ್ ಮತ್ತು ಕ್ರೌನಿನ ಹಲ್ಲನ್ನು ಮುಚ್ಚಿ ಕಾಪಾಡಬೇಕು.

ಹೀಗೆ ಮಾಡಿಸಿದ ಗಾಡಿ ಮತ್ತೆ ರಸ್ತೆಗೆ ಯೋಗ್ಯವಲ್ಲ. ಸಣ್ಣ ತಿರುವಿನಲ್ಲಿ ಒಂದು ಟೈರ್ ಉಜ್ಜಿಕೊಂಡೇ ಬರುತ್ತದೆ, ಗಾಡಿ ನೇರಕ್ಕೆ ತಳ್ಳುತ್ತದೆ, ಆ್ಯಕ್ಸಲ್ ಶಾಫ್ಟಿನ ಮೇಲೆ ತಿರುಚುವ ಒತ್ತಡ ಹೆಚ್ಚುತ್ತದೆ. ಅಂಗಳಕ್ಕೆ ಟ್ರಕ್ಕಿನ ಮೇಲೆ ಹೇರಿಕೊಂಡೇ ಒಯ್ಯಬೇಕು. ಮೊದಲ ಅಭ್ಯಾಸ ಮುಗಿದ ಕೂಡಲೇ ಕ್ರೌನ್ ಹೌಸಿಂಗಿನ ಎಣ್ಣೆ ಇಳಿಸಿ, ತಟ್ಟೆಯಲ್ಲಿ ಆಯಸ್ಕಾಂತ ಆಡಿಸಿ ನೋಡಿ. ಬೂದಿಯಂಥ ಪುಡಿ ಬಂದರೆ ಹೊಸ ಎಣ್ಣೆ ಹಾಕಿ ಮುಂದುವರಿಸಬಹುದು. ಕಣ್ಣಿಗೆ ಕಾಣುವ ಚೂರು ಬಂದರೆ ಅಂದೇ ಕ್ರೌನ್ ಬಿಚ್ಚಿಸಿ.