ಒಂದೇ ಪೆಟ್ಟಿಗೆಯಲ್ಲಿ ಜಾಂಗ್ಗಿ, ಶಿಯಾಂಗ್‌ಚಿ: ಆರು ತಿಂಗಳು ಆಡಿದ ಮೇಲೆ

ದಕ್ಷಿಣ ಕೊರಿಯಾದ ಸುವೊನ್ ನಗರದ ಪಾಲ್ದಲ್‌ಮುನ್ ಕೋಟೆಬಾಗಿಲ ಹತ್ತಿರದ ಪೇಟೆಯಲ್ಲಿ 32,000 ವೊನ್ ಕೊಟ್ಟು ಈ ಸೆಟ್ ತಂದೆ. ಮಡಚುವ ಮರದ ಮಣೆ. ಒಂದು ಮಗ್ಗುಲಲ್ಲಿ ಕೊರಿಯಾದ ಚದುರಂಗವಾದ ಜಾಂಗ್ಗಿಯ ಗೆರೆಗಳು, ಮಗುಚಿದರೆ ನಡುವೆ ನದಿ ಹರಿಯುವ ಚೀನಾದ ಚದುರಂಗ, ಶಿಯಾಂಗ್‌ಚಿ. ಕಾಯಿ ಮಾತ್ರ ಎರಡಕ್ಕೂ ಅವೇ, ಎಂಟು ಮೂಲೆಯ 32 ಜಾಂಗ್ಗಿ ಕಾಯಿಗಳು. ಎರಡೂ ಆಟಕ್ಕೆ ಇಷ್ಟೇ ಸಾಕು ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಕೆಳಗಿನ ಮನೆಯ ಅಜ್ಜ, ನಾನು ಹಾರಾಬೊಜಿ ಅಂತಲೇ ಕರೆಯೋದು, ಜಾಂಗ್ಗಿ ಆಡುತ್ತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿ ಚೀನಾದ ಛೆಂಗ್ಡುವಿನವಳು, ಅವಳದು ಶಿಯಾಂಗ್‌ಚಿ. ಇಬ್ಬರ ಜೊತೆಗೂ ಕೂರಬಹುದಲ್ಲ ಎಂಬ ಆಸೆಯಿಂದ ಕೊಂಡದ್ದು. ಜಾಂಗ್ಗಿಗೆ ಇದು ಅಪ್ಪಟ ಚಿನ್ನ. ಶಿಯಾಂಗ್‌ಚಿಗೆ ಅರೆಬರೆ.

ಮೊದಲು ಕಾಯಿಗಳ ಮಾತು. ರಥ, ಗಜ, ತುರಗ, ಪದಾತಿ, ನಾವು ಚತುರಂಗ ಬಲ ಅನ್ನುವ ನಾಲ್ಕೂ ಇಲ್ಲಿವೆ. ಜೊತೆಗೆ ರಾಜ, ಅವನ ಇಬ್ಬರು ಕಾವಲುಗಾರರು, ಎರಡು ಫಿರಂಗಿ. ರಾಜ ಎಲ್ಲಕ್ಕಿಂತ ದೊಡ್ಡದು. ರಥ, ಫಿರಂಗಿ, ಕುದುರೆ, ಆನೆ ನಡುವಿನ ಗಾತ್ರ. ಕಾವಲುಗಾರ, ಸೈನಿಕ ಪುಟಾಣಿಗಳು. ಕಣ್ಣು ಹಾಯಿಸಿದರೆ ಸಾಕು, ಯಾರ ಬಲ ಎಲ್ಲಿದೆ ಅಂತ ತಿಳಿಯುತ್ತದೆ. ತೂಕ ಹದವಾಗಿದೆ. ಹಾರಾಬೊಜಿ ರಥವನ್ನು ಟಪ್ಪನೆ ಕುಕ್ಕಿ "ಜಾಂಗ್‌ಗುನ್!" ಎಂದು ಚೆಕ್ ಕೊಡುತ್ತಾರೆ, ತಪ್ಪಿಸಿಕೊಂಡವರು "ಮೊಂಗ್‌ಗುನ್!" ಎನ್ನಬೇಕು. ಆ ಕುಕ್ಕುವಿಕೆಗೆ ಈ ಮಣೆ ಕೊಡುವ ಸದ್ದು ಕೇಳಿಯೇ ಅವರು "ಒಳ್ಳೇ ಮರ" ಅಂದಿದ್ದು.

ನನಗೆ ಹುಚ್ಚು ಹಿಡಿಸಿದ್ದು ಫಿರಂಗಿ. ಶಿಯಾಂಗ್‌ಚಿಯಲ್ಲಿ ಅದು ರಥದ ಹಾಗೆ ಸಲೀಸಾಗಿ ಸರಿಯುತ್ತದೆ, ಕಡಿಯುವಾಗ ಮಾತ್ರ ಒಂದು ಕಾಯಿಯ ಮೇಲೆ ಹಾರಬೇಕು. ಮೊದಲ ನಡೆಯಲ್ಲೇ ಅದನ್ನು ನಡುಗೆರೆಗೆ ತರುವವರೇ ಹೆಚ್ಚು. ಜಾಂಗ್ಗಿಯಲ್ಲಿ ಸುಮ್ಮನೆ ಸರಿಯುವುದಕ್ಕೂ ಹಾರಲೇಬೇಕು, ಅದೂ ಇನ್ನೊಂದು ಫಿರಂಗಿಯ ಮೇಲೆ ಹಾರುವಂತಿಲ್ಲ. ಹಾಗಾಗಿ ಆಟ ಶುರುವಾದಾಗ ಎರಡೂ ಫಿರಂಗಿಗಳು ನಿಂತಲ್ಲೇ ಬಂದಿ. ಕುದುರೆಯೊಂದು ಮೇಲೆ ಬಂದು ಅವೆರಡರ ನಡುವೆ ನಿಂತ ಮೇಲೆಯೇ ಅದರ ಬೆನ್ನ ಮೇಲಿಂದ ಫಿರಂಗಿ ತನ್ನ ರಾಜನ ಮುಂದಕ್ಕೆ ನೆಗೆಯುತ್ತದೆ. ಮೊದಲ ಸಲ ಇದು ಅರ್ಥವಾದ ದಿನ ರಾತ್ರಿ ಹನ್ನೊಂದರವರೆಗೂ ಮಣೆ ಬಿಟ್ಟು ಎದ್ದಿರಲಿಲ್ಲ ನಾವು.

ಈ ಸೆಟ್ಟಿನ ದೋಷ ಇರುವುದು ಹಸಿರು ಕಾಯಿಗಳಲ್ಲಿ. ಕೆಂಪು ಹಾನ್ ಪಡೆಯ ಅಕ್ಷರಗಳು ನೇರ, ಹಸಿರು ಚೋ ಪಡೆಯವು ಮೋಡಿ ಅಕ್ಷರ. ಅದು ಸಂಪ್ರದಾಯವೇ, ತಕರಾರಿಲ್ಲ. ಆದರೆ ಕೆತ್ತನೆ ಆಳವಿಲ್ಲದೆ ಬಣ್ಣ ಹರಡಿಕೊಂಡು, ಕುದುರೆ ಯಾವುದು ಆನೆ ಯಾವುದು ಗೊತ್ತಾಗುವುದಿಲ್ಲ. ಗಾತ್ರವೂ ಒಂದೇ. ಜಾಂಗ್ಗಿಯಲ್ಲಿ ಆಟಕ್ಕೆ ಮುಂಚೆ ಕುದುರೆ, ಆನೆಗಳನ್ನು ಅದಲುಬದಲು ಮಾಡಿ ಜೋಡಿಸುವ ಸ್ವಾತಂತ್ರ್ಯ ಬೇರೆ ಇದೆ, ನಾಲ್ಕು ಬಗೆಯಲ್ಲಿ. ಹೀಗಿರುವಾಗ ಗುರುತು ತಪ್ಪಿದರೆ ಇಡೀ ವ್ಯೂಹವೇ ಕೆಟ್ಟಿತು. ನನ್ನ ಹಸಿರು ಆನೆಗಳ ಅಂಚಿಗೆ ಈಗ ನೈಲ್ ಪಾಲಿಶ್ ಚುಕ್ಕೆ ಇದೆ.

ನಿಯಮದ ಚೀಟಿ ಇನ್ನೂ ಬಡ. ಅಂಕಗಳ ಸುದ್ದಿಯೇ ಇಲ್ಲ: ರಥ 13, ಫಿರಂಗಿ 7, ಕುದುರೆ 5, ಆನೆ ಮತ್ತು ಕಾವಲುಗಾರ 3, ಸೈನಿಕ 2, ಒಟ್ಟು 72. ಚೋ ಮೊದಲು ನಡೆಸುವುದರಿಂದ ಹಾನ್‌ಗೆ 1.5 ಅಂಕ ಹೆಚ್ಚುವರಿ. ಅಂಕ ಎಣಿಸಿದರೆ ಸಮಬಲ ಆಗುವುದೇ ಇಲ್ಲ. ನಡೆಸದೆ ಬಿಡಬಹುದು ಎಂಬುದನ್ನೂ ಚೀಟಿ ಹೇಳುವುದಿಲ್ಲ. ಶಿಯಾಂಗ್‌ಚಿಯಲ್ಲಿ ನಡೆ ಇಲ್ಲದವನು ಸೋತ, ಜಾಂಗ್ಗಿಯಲ್ಲಿ ಹಾಗಲ್ಲ. ಹೊಸಬರಿಗೆ ಇದನ್ನು ಹೇಳದಿದ್ದರೆ ಹೇಗೆ?

ಇನ್ನು ಮಣೆಯ ಆ ಮಗ್ಗುಲು. ನದಿ ಚೆನ್ನಾಗಿ ಮೂಡಿದೆ, ಆನೆ ಎಲ್ಲಿ ನಿಲ್ಲಬೇಕೆಂಬ ಗೊಂದಲವಿಲ್ಲ. ರಾಜರ ಮೇಲೆ ಸೇನಾಪತಿಯ ಅಕ್ಷರದ ಬದಲು ಚೋ, ಹಾನ್ ಎಂದಿರುವುದನ್ನು ಗೆಳತಿ ಖುಷಿಯಿಂದಲೇ ಒಪ್ಪಿದಳು. ಅವರ ಮಣೆಯ ನದಿಯೂ ಕ್ರಿ.ಪೂ. 206ರಿಂದ 202ರವರೆಗೆ ಚೀನಾದಲ್ಲಿ ಕಾದಾಡಿದ ಅದೇ ಎರಡು ಪಕ್ಷಗಳ ಗಡಿ ತಾನೆ. ಮಾಮೂಲಿ ಆಟ ಸರಾಗವಾಗಿ ಆಯಿತು. ಕೈಕೊಟ್ಟದ್ದು ಅವಳ ಮೆಚ್ಚಿನ ಜಿಯೆಚಿ, ಶಿಯಾಂಗ್‌ಚಿಯದೇ ಇನ್ನೊಂದು ಬಗೆ. ಅದರಲ್ಲಿ ರಾಜನನ್ನು ಬಿಟ್ಟು ಮಿಕ್ಕ ಕಾಯಿಗಳನ್ನೆಲ್ಲ ಕಲಸಿ, ಮುಖ ಕೆಳಗೆ ಮಾಡಿ ಜೋಡಿಸುತ್ತಾರೆ. ಮೊದಲ ನಡೆ ಆ ಜಾಗದ ಕಾಯಿಯಂತೆ. ನಡೆದ ಮೇಲೆ ಮಗುಚಿದರೆ ನಿಜರೂಪ. ಗುಟ್ಟೇ ಆ ಆಟದ ಜೀವ. ಇಲ್ಲಿ ಗಾತ್ರವೇ ಗುಟ್ಟು ರಟ್ಟು ಮಾಡುತ್ತದೆ. ಮೂಲೆಯಲ್ಲಿ ಪುಟಾಣಿ ಕಾಯಿ ಕಂಡರೆ ಅದು ರಥವಲ್ಲ ಅಂತ ಮುಚ್ಚಿದ್ದಾಗಲೇ ಗೊತ್ತು. ಹೀಗೇ ಕಾಯಿ ಮುಚ್ಚಿಟ್ಟು ಅರ್ಧ ಮಣೆಯಲ್ಲಿ ಆಡುವ ಆನ್‌ಚಿಗೂ ಇದೇ ಪಾಡು. ಜಾಂಗ್ಗಿಯಲ್ಲಿ ನಾನು ಮೆಚ್ಚಿದ ಗುಣವೇ ಅಲ್ಲಿ ಅಡ್ಡಿಯಾಯಿತು.

ಕಡೆಗೆ ಅವಳೇ ಊರಿನಿಂದ ಒಂದೇ ಅಳತೆಯ ದುಂಡು ಕಾಯಿಗಳನ್ನು ತಂದಳು. ಇದೇ ಮಣೆಯ ಮೇಲೆ ಅವು ಸರಿಯಾಗಿ ಕೂರುತ್ತವೆ. ಜಾಂಗ್ಗಿ ಕಲಿಯುವವರು ಕಣ್ಣುಮುಚ್ಚಿ ಕೊಳ್ಳಬಹುದು. ಮುಚ್ಚಿ ಆಡುವ ಆಟಗಳ ಆಸೆ ಇದ್ದರೆ ದುಂಡು ಕಾಯಿಗೆ ಬೇರೆ ದುಡ್ಡು ಎತ್ತಿಡಿ. ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ, ಹಸಿರು ಕುದುರೆಯನ್ನೂ ಹಸಿರು ಆನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ತನ್ನಿ.