ಇನ್ಸುಲಿನ್ ಪೆನ್ನೋ, ಬಾಟ್ಲಿ-ಸಿರಿಂಜೋ?

ವಯಸ್ಸಾಗಿ ಕಣ್ಣು ಮಂಜಾದವರಿಗೆ, ಬೆರಳು ಜೋಮು ಹಿಡಿದವರಿಗೆ ಪೆನ್ನೇ ಸರಿ. ಎರಡನ್ನೂ ಬಳಸಿ ನೋಡಿದ ಮೇಲೆ ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಗುಂಡಿ ತಿರುಗಿಸಿದರೆ ಡೋಸ್ ಅಂಕಿಯಲ್ಲೇ ಕಾಣುತ್ತದೆ. ಸಿರಿಂಜನ್ನು ಬೆಳಕಿಗೆ ಹಿಡಿದು ಸಣ್ಣ ಗೆರೆ ಎಣಿಸುವ ಪಾಡಿಲ್ಲ.

ಸಿರಿಂಜಿನ ನಿಜವಾದ ತಲೆನೋವು ಬೇರೆ. ನಮ್ಮಲ್ಲಿ ಸಿಗುವ ಬಾಟ್ಲಿಗಳು ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನವು, ಪೆನ್ನಿನೊಳಗೆ ಕೂರುವ ಔಷಧಿ ಕೊಳವೆ, ಅಂದರೆ ಕಾರ್ಟ್ರಿಜ್, ಸಾಮಾನ್ಯವಾಗಿ 100ರದ್ದು. ಸಿರಿಂಜಿನಲ್ಲೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಮೆಡಿಕಲ್ ಶಾಪಿನಲ್ಲಿ ಬರೀ ‘ಇನ್ಸುಲಿನ್ ಸಿರಿಂಜು ಕೊಡಿ’ ಎಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯಲಿಲ್ಲವೆಂದು ಡಾಕ್ಟರು ಡೋಸ್ ಏರಿಸುತ್ತಾರೆ. ಮುಂದಿನ ಸಲ ಸರಿಯಾದ ಸಿರಿಂಜು ಬಂತೋ, ಏರಿಸಿದ್ದೆಲ್ಲ ಪೂರ್ತಿ ಒಳಗೆ ಹೋಗಿ ಶುಗರ್ ಲೋ ಆಗುತ್ತದೆ.

ಇದಕ್ಕಿಂತ ಅಪಾಯದ ಕೆಲಸ, ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ಗೇ ಕೆಂಪು ಸಿರಿಂಜು ಚುಚ್ಚಿ ಎಳೆಯುವುದು. ಅದರಲ್ಲಿ 20ರ ಗೆರೆ ಅಂದರೆ ಅರ್ಧ ಮಿಲಿಲೀಟರ್. ಹೋಗುವುದು 50 ಯೂನಿಟ್! ಕಿಡ್ನಿ ಸೋತವರ ಮೈಯಲ್ಲಿ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ, ಅಂಥವರ ಪ್ರಾಣಕ್ಕೇ ಇದು ಸಂಚಕಾರ. ಬಾಟ್ಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಪೆನ್ನಿಗೂ ಕಟ್ಟುಪಾಡುಗಳಿವೆ. ಪ್ರತಿ ಸಲವೂ ಮೊದಲು 2 ಯೂನಿಟ್ ಹೊರಗೆ ಬಿಟ್ಟು, ಸೂಜಿಯ ತುದಿಯಲ್ಲಿ ಹನಿ ಬಂತೇ ನೋಡಬೇಕು. ಚುಚ್ಚಿ ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಒಳಗೆ ಗಾಳಿ ಸೇರುತ್ತದೆ, ಔಷಧಿ ಸೋರುತ್ತದೆ. 30/70ರಂಥ, ಬೇಗ ಕೆಲಸ ಮಾಡುವ ಮತ್ತು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಬೆರೆಸಿದ ಬೆಳ್ಳಗಿನ ಮಿಶ್ರಣವಾದರೆ ಅಂಗೈಗಳ ನಡುವೆ 10 ಸಲ ಉರುಳಿಸಿ, 10 ಸಲ ತಲೆಕೆಳಗು ಮಾಡಿ. ಜೋರಾಗಿ ಕುಲುಕಬೇಡಿ. 4 ಮಿಲಿಮೀಟರ್ ಸೂಜಿ ದಪ್ಪಗಿರುವವರಿಗೂ ಸಾಕು.

ಇಡುವ ಕ್ರಮ ಎರಡಕ್ಕೂ ಒಂದೇ: ತೆರೆಯದ್ದು ಫ್ರಿಜ್‌ನಲ್ಲಿ, ಫ್ರೀಜರಿನಲ್ಲಲ್ಲ, ಬಳಸುತ್ತಿರುವುದನ್ನು ತಂಪಾದ ಜಾಗದಲ್ಲಿಟ್ಟು ಸುಮಾರು 4 ವಾರದೊಳಗೆ ಮುಗಿಸಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದವರಿಗೆ ಒದ್ದೆ ಮಣ್ಣಿನ ಗಡಿಗೆ ಆಸರೆ.

ಖರ್ಚು ಪೆನ್ನಿನದೇ ಹೆಚ್ಚು. ಸೂಜಿಯೂ ಬೇರೆ ಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಿಂದ 40ರ ಬಾಟ್ಲಿ ಸಿಗುತ್ತಿದ್ದು, ಚುಚ್ಚುವವರು ಕಣ್ಣು ಚೆನ್ನಾಗಿರುವ ಮಗನೋ ಸೊಸೆಯೋ ಆಗಿದ್ದರೆ ಅದನ್ನೇ ಮುಂದುವರಿಸಿ, ಕೆಂಪು ಮುಚ್ಚಳದ ಸಿರಿಂಜನ್ನೇ ಡಬ್ಬಿಗಟ್ಟಲೆ ತಂದಿಡಿ. ಒಬ್ಬರೇ ಇರುವ ಹಿರಿಯರಿಗಾದರೆ ಬೇರೆ ಖರ್ಚು ಕಡಿಮೆ ಮಾಡಿಯಾದರೂ ಪೆನ್ನು ಕೊಡಿಸಿ.