ಮಡಿಕೇರಿ ಸಮೀಪದ ಐಟಿಐ: ಪೋಷಕನೊಬ್ಬನ ಅಭಿಪ್ರಾಯ

ಪಿಯುಸಿ, ಬಿ.ಕಾಂ. ಎಂದು 5 ವರ್ಷ ಓದಿಸಬೇಕೆಂಬ ನೆಂಟರಿಷ್ಟರ ಒತ್ತಾಯವನ್ನು ಬದಿಗಿಟ್ಟು, ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಇಲ್ಲಿನ 2 ವರ್ಷಗಳ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿಸಿದೆ. ಬೋಧಕರು ಮೋಟಾರನ್ನು ಮಕ್ಕಳ ಕೈಯಲ್ಲೇ ಬಿಚ್ಚಿಸಿ, ಸುಟ್ಟ ತಂತಿಯ ಸುರುಳಿಯನ್ನು ಬೆರಳಿನಿಂದ ಮುಟ್ಟಿಸಿ ತೋರಿಸುತ್ತಾರೆ. ಮೋಟಾರನ್ನು ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಎಂಬ ಸಾಧನ ಆರಂಭದ ವಿದ್ಯುತ್ ಪ್ರವಾಹವನ್ನು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ ಎಂಬುದನ್ನು ಹಲಗೆಯ ಮೇಲೆ ಜೋಡಿಸಿಯೇ ಕಲಿಸುತ್ತಾರೆ. ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಮೋಟಾರ್ ಗುಂಯ್‌ಗುಟ್ಟಿ ನಿಂತಾಗ, ಮೂರು ಫೇಸ್‌ಗಳಲ್ಲಿ ಒಂದು ಬರುತ್ತಿಲ್ಲವೆಂದು ಅವನೇ ಟೆಸ್ಟರ್ ಹಿಡಿದು ಹೇಳಿದ. (ಪದವೀಧರನಾದ ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ.)

ಕೊರತೆಗಳೂ ಇವೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಾರ್ಯಾಗಾರದ ಮಾಡು ಸೋರಿ ಪ್ರಾಯೋಗಿಕ ತರಗತಿಗಳು ಹಲವು ದಿನ ನಿಂತವು. ದೂರು ಕೊಟ್ಟರೂ ಉತ್ತರ ಬರಲಿಲ್ಲ. ಪದವಿಯನ್ನೇ ಕೇಳುವ ಸರ್ಕಾರಿ ಹುದ್ದೆಗಳಿಗೆ ಈ ಪ್ರಮಾಣಪತ್ರ ಸಾಲದು ಎಂಬುದನ್ನೂ ಪ್ರವೇಶದ ವೇಳೆಯೇ ಸ್ಪಷ್ಟವಾಗಿ ತಿಳಿಸಬೇಕಿತ್ತು. ಆದರೂ ತೋಟದ ಕೆಲಸ ಬಲ್ಲ, ಕೈಚಳಕವಿರುವ ಮಕ್ಕಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ಮಳೆಗಾಲಕ್ಕೆ ಮುನ್ನ ಮಾಡನ್ನೊಮ್ಮೆ ನೋಡಿಕೊಂಡು ಸೇರಿಸಿ.